ಕೈ ನೋಡಿ ಕೂರಿಸಿದ ಹರಳು

ಗೋಕಾಕದಿಂದ ಹೊರಟ ಬಸ್ಸು ಕಬ್ಬು, ಗೋವಿನಜೋಳ, ಅರಿಷಿಣಗಳ ಹೊಲಗಳ ನಡುವೆ ಸಾಗಿ ಮೇಲವಂಕಿಯನ್ನು ಸೇರಿದಾಗ ಬಿಸಿಲು ಇಳಿಮುಖವಾಗಿದ್ದಿತು. ಬೆಳ್ಳಿಯ ಹರಳುಂಗುರವನ್ನು ಕುರಿತು ಬರೆಯಬೇಕೆಂದಿರುವವನು ಬೆಳಗಾವಿಯ ಆಭರಣದಂಗಡಿಗಳ ಸಾಲನ್ನು ಬಿಟ್ಟು ಈ ಊರಿಗೇಕೆ ಬಂದನೆಂದು ಯಾರಾದರೂ ಕೇಳಿದರೆ, ಇಲ್ಲಿಯ ವೃದ್ಧ ಪತ್ತಾರರೊಬ್ಬರು ಉಂಗುರ ಮಾಡಿಸಲು ಬಂದವರಿಗೆ ಮೊಟ್ಟಮೊದಲು ಹಾಕುವ ಒಂದು ಪ್ರಶ್ನೆಯನ್ನು ನನ್ನ ಕಿವಿಯಿಂದಲೇ ಕೇಳಬೇಕೆಂಬ ಹಂಬಲದಿಂದ ಬಂದೆನೆಂದೇ ಹೇಳಬೇಕಾಗುತ್ತದೆ. ಯಾವ ಹರಳು, ಎಷ್ಟು ತೂಕ, ಎಷ್ಟು ರೊಕ್ಕ ಎಂಬುವೆಲ್ಲ ಅವರಲ್ಲಿ ತರುವಾಯದ ಮಾತುಗಳು. ಹೆಸರು ಪತ್ರಿಕೆಯಲ್ಲಿ ಬರುವುದು ಬೇಡವೆಂದು ಮೊದಲೇ ಕೇಳಿಕೊಂಡ ಆ ಹಿರಿಯರನ್ನು, ಊರವರು ಕರೆಯುವಂತೆ, ಪತ್ತಾರ ಅಜ್ಜಾರೆಂದೇ ಕರೆಯುತ್ತೇನೆ.

"ಕೈ ತೋರಸ್ರಿ," ಎಂದರು ಅಜ್ಜಾರು, ಕನ್ನಡಕವನ್ನು ಹಣೆಗೇರಿಸಿ. "ಈ ಕೈ ದಿನಾ ಏನ ಕೆಲಸಾ ಮಾಡತೈತಿ?"

ನಾನು ಬರೆಯುವ ಕೈಯೆಂದೆ. ಅವರು ನಡುಬೆರಳಿನ ಮಗ್ಗುಲಲ್ಲಿ ಲೇಖನಿಯೊತ್ತಿ ಜಡ್ಡುಗಟ್ಟಿದ್ದ ಸ್ಥಳವನ್ನು ತಮ್ಮ ಹೆಬ್ಬೆರಳಿನಿಂದ ಸವರಿ, ಆ ಬೆರಳಿಗೆ ಉಂಗುರ ಬೇಡ, ಅದರಾಚೆಯ ಬೆರಳಿಗಾಗಲಿ ಎಂದು ತೀರ್ಪಿತ್ತರು.

ನನ್ನೆದುರಿಗೇ ಅರಿಷಿಣ ಕುದಿಸುವ ಕೆಲಸದಿಂದ ನೇರವಾಗಿ ಬಂದ ಹೆಣ್ಣುಮಗಳೊಬ್ಬಳು ಮುತ್ತಿನುಂಗುರ ಬೇಕೆಂದಳು. ಉಗುರುಗಳ ಸಂದಿನಲ್ಲಿಯೂ ಹಳದಿಯೇ ತುಂಬಿದ್ದ ಆ ಕೈಯನ್ನು ನೋಡಿ, "ತಂಗೀ, ಮುತ್ತ ನಿನ್ನ ಕೈಯಾಗ ಒಂದ ವರ್ಷ ಬಾಳೂದಿಲ್ಲ. ಕೆಂಪ ಹಾಕೋ, ಮಗಳಿಗೂ ಬರತೈತಿ," ಎಂದರು. ಹಾಗೆಂದು, ಹರಳಿನ ಸುತ್ತ ಬೆಳ್ಳಿಯ ಅಂಚನ್ನು ಪೂರ್ತಿಯಾಗಿ ಮಡಿಸಿ ಕೂರಿಸಿದ, ಬೆರಳಿಗಿಂತ ಹೆಚ್ಚು ಎತ್ತರಕ್ಕೇಳದ ತಗ್ಗಿನ ಉಂಗುರವೊಂದನ್ನು ತೆಗೆದು ತೋರಿಸಿದರು. ಹರಳನ್ನು ನಾಲ್ಕು ಮುಳ್ಳುಗಳಿಂದ ಎತ್ತಿ ಹಿಡಿದ ಹೊಸ ಮಾದರಿಯ ಉಂಗುರ ಹೆಚ್ಚು ಬೆಳಕನ್ನು ಒಳಗೊಂಡು ಕಣ್ಣಿಗೆ ಬೀಳುವುದು ನಿಜವಾದರೂ, ಸೀರೆಯ ಸೆರಗಿಗೆ, ಹುಲ್ಲಿನ ಹೊರೆಗೆ, ಎಮ್ಮೆಯ ಹಗ್ಗಕ್ಕೆ ಅದರ ಮುಳ್ಳು ಸಿಕ್ಕಿಕೊಳ್ಳುವುದು ಅಷ್ಟೇ ನಿಜ. ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದವರಿಗೆ ಅವರು ಒಂದು ಕರಾರಿನ ಮೇಲೆಯೇ ಉಂಗುರ ಮಾಡಿಕೊಡುತ್ತಿದ್ದರಂತೆ: ರಜೆಯ ದಿನ ಮಾತ್ರ ಧರಿಸಬೇಕು, ತಿರುಗುವ ಯಂತ್ರಕ್ಕೆ ಉಂಗುರ ಸಿಕ್ಕರೆ ಬೆರಳೂ ಅದರೊಡನೆ ಹೋಗುತ್ತದೆ.

ಕಲ್ಯಾಣದ ಚಾಲುಕ್ಯರ ಅರಸು ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ರತ್ನಪರೀಕ್ಷೆಗೆ ಮೀಸಲಾದ ಭಾಗವಿದೆ. ಅದು ರಾಜನ ಭಂಡಾರಕ್ಕೆ ಸಲ್ಲತಕ್ಕ ರತ್ನಗಳ ಪರೀಕ್ಷೆ. ಭಂಡಾರದಲ್ಲಿರುವ ಹರಳಿಗೆ ಮಣ್ಣಿಲ್ಲ, ಬೆವರಿಲ್ಲ, ಪಾತ್ರೆ ತಿಕ್ಕುವ ಕೆಲಸವಿಲ್ಲ. ದುಡಿಯುವ ಜನರ ನಡುವೆ ಬೆಳೆದ ಅಜ್ಜಾರ ರತ್ನಶಾಸ್ತ್ರವು ಹರಳಿಗಿಂತ ಮೊದಲು ಹಸ್ತವನ್ನು ಪರೀಕ್ಷಿಸುತ್ತದೆಂಬುದು ನನಗೆ ಅತ್ಯಂತ ಹೃದ್ಯವಾದ ಸಂಗತಿಯಾಗಿ ತೋರಿತು. ಆಧುನಿಕ ಖನಿಜಶಾಸ್ತ್ರವೂ ಅವರ ಪಕ್ಷದಲ್ಲಿಯೇ ನಿಲ್ಲುತ್ತದೆ. ಜರ್ಮನ್ ವಿದ್ವಾಂಸ ಫ್ರೀಡ್ರಿಶ್ ಮೋಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಮಾನದಲ್ಲಿ ವಜ್ರಕ್ಕೆ 10, ಕೆಂಪು ಮತ್ತು ನೀಲಗಳಿಗೆ 9, ಸ್ಫಟಿಕಕ್ಕೆ 7. ಹವಳವಾದರೋ 3-4ರ ಆಸುಪಾಸಿನದು, ಮುತ್ತು ಇನ್ನೂ ಮೃದು. ನಮ್ಮ ಹಾದಿಬೀದಿಗಳ ಧೂಳಿನಲ್ಲಿ ಸ್ಫಟಿಕದ ಸೂಕ್ಷ್ಮಕಣಗಳು ಬೆರೆತಿರುವುದರಿಂದ, 7ಕ್ಕಿಂತ ಕೆಳಗಿನ ಹರಳನ್ನು ಧೂಳು ಮೆತ್ತಿದ ಬಟ್ಟೆಯಿಂದ ಒರೆಸಿದ ಮಾತ್ರಕ್ಕೇ ಅದರ ಮೈ ಗೀರುಗಟ್ಟುತ್ತದೆ. ಪಚ್ಚೆಯು ಕಠಿಣವಾದರೂ ಅದರೊಳಗೆ ಸಹಜವಾಗಿಯೇ ಬಿರುಕುಗಳಿರುವುದುಂಟು. ಅವನ್ನು ಮರೆಮಾಡಲು ಎಣ್ಣೆಯೂಡಿಸುವ ವಾಡಿಕೆಯೂ ಇರುವುದರಿಂದ ಅದು ಪೆಟ್ಟನ್ನೂ ತಾಳದು, ಬಿಸಿನೀರನ್ನೂ ತಾಳದು.

ಈ ಕಸುಬಿನ ಪೂರ್ವೇತಿಹಾಸವನ್ನು ನಾನು ಅಜ್ಜಾರ ಬಾಯಿಂದ ಕೇಳಿದಷ್ಟೇ ಬಲ್ಲೆ. ಅವರ ಹಿರಿಯರು ಇಷ್ಟಲಿಂಗದ ಕರಡಿಗೆ, ಗುಂಡಗಡಗಿ, ಮಕ್ಕಳ ಉಡದಾರ, ಮದುಮಗಳ ಜೋಡವಿ ಇವುಗಳನ್ನು ಮಾಡಿಕೊಂಡು ಬಂದವರು. ಉಂಗುರವು ಆ ದೊಡ್ಡ ಕೆಲಸಗಳಲ್ಲಿ ಉಳಿದ ಬೆಳ್ಳಿಯ ಕೂಸು. ಬೆಳ್ಳಿ ಎಲ್ಲಿಂದ ಬರುತ್ತಿದ್ದಿತೆಂದು ಕೇಳಿದ್ದಕ್ಕೆ, "ರಾಣಿ ಮಾರಿ ಇದ್ದ ರೂಪಾಯಿ ಕರಗಸ್ತಿದ್ರು," ಎಂದರು. ಈ ಒಂದು ಮಾತು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಬ್ರಿಟಿಷರ ಕಾಲದ ರೂಪಾಯಿ ಒಂದು ತೊಲೆ, ಎಂದರೆ 11.66 ಗ್ರಾಂ ತೂಗುತ್ತಿದ್ದು, ಅದರ 12 ಭಾಗಗಳಲ್ಲಿ 11 ಭಾಗ ಬೆಳ್ಳಿಯಾಗಿದ್ದಿತು. ಶೇಕಡಾ ಲೆಕ್ಕದಲ್ಲಿ ಸುಮಾರು 91.7. ಇಂದು ಸ್ಟರ್ಲಿಂಗ್ ಬೆಳ್ಳಿಯೆಂದು ಜಗತ್ತೆಲ್ಲ ಕರೆಯುವ ಲೋಹದಲ್ಲಿ ಬೆಳ್ಳಿ 92.5 ಭಾಗ, ಉಳಿದ 7.5 ಭಾಗ ಸಾಮಾನ್ಯವಾಗಿ ತಾಮ್ರ. ಇಂಗ್ಲೆಂಡಿನಲ್ಲಿ ಮೊದಲನೆಯ ಎಡ್ವರ್ಡ್ ದೊರೆಯು 1300ರಲ್ಲಿ ಈ ಪ್ರಮಾಣವನ್ನು ಶಾಸನಬದ್ಧಗೊಳಿಸಿ ಅದಕ್ಕೆ ಚಿರತೆಯ ತಲೆಯ ಮುದ್ರೆಯನ್ನು ವಿಧಿಸಿದನು. ಸ್ಟರ್ಲಿಂಗ್ ಎಂಬ ಹೆಸರನ್ನೇ ಕೇಳದ ನಮ್ಮ ಪತ್ತಾರರು ಹೆಚ್ಚುಕಡಿಮೆ ಅದೇ ಲೋಹದಲ್ಲಿ ಉಂಗುರ ಕಟ್ಟುತ್ತಿದ್ದರು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿದ ಮೇಲೆ ಆ ದಾರಿ ಮುಚ್ಚಿತು.

ಶುದ್ಧ ಬೆಳ್ಳಿಯಲ್ಲಿಯೇ ಏಕೆ ಮಾಡಬಾರದು? ಅದು ಹರಳನ್ನು ಹಿಡಿಯಲಾರದಷ್ಟು ಮೃದು. ಅಂಚು ಸಡಿಲಗೊಂಡು ಹರಳು ಎಂದೋ ಜಾರಿಹೋಗುತ್ತದೆ. ತಾಮ್ರವು ಆ ಬಲವನ್ನು ಕೊಡುತ್ತದೆ. ಮೂಸೆಯಲ್ಲಿ ಬಿಳಿಗಾರದೊಡನೆ ಕರಗಿಸುವುದು, ಕಂಬಿಯೆಳೆಯುವುದು, ಬೆಸೆಯುವುದು ಇವೆಲ್ಲ ಚಿನ್ನದ ಕೆಲಸದಂತೆಯೇ ಇರುವುದರಿಂದ ವಿಸ್ತರಿಸುವುದಿಲ್ಲ. ಆದರೆ ಹರಳು ಕೂರಿಸುವ ಕಡೆಯ ಗಳಿಗೆಯಲ್ಲಿ ಅಜ್ಜಾರು ಉಂಗುರವನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಿದ್ದನ್ನು ಹೇಳದಿರಲಾರೆ. ಸಡಿಲವಿದ್ದರೆ ಹರಳು ಟಿಕ್ಕೆಂದು ನುಡಿಯುತ್ತದೆ. ಕೊಳ್ಳುವವರೂ ಅಂಗಡಿಯಲ್ಲಿ ಹೀಗೆಯೇ ಕಿವಿಗೊಟ್ಟು ಕೇಳಬೇಕು, ಮನೆಯಲ್ಲಿಯೂ ಆರು ತಿಂಗಳಿಗೊಮ್ಮೆ ಕೇಳುತ್ತಿರಬೇಕೆಂದು ಅವರ ಸಲಹೆ.

ಉಂಗುರದ ಒಳಮೈಯಲ್ಲಿ 925 ಎಂಬ ಅಂಕೆಯನ್ನು ಹುಡುಕಬೇಕೆಂಬುದು ಈಗ ಅನೇಕರಿಗೆ ತಿಳಿದಿದೆ. ಆದರೆ ಅಂಕೆಯನ್ನು ಯಾರು ಬೇಕಾದರೂ ಒತ್ತಬಲ್ಲರು. ಭಾರತೀಯ ಮಾನಕ ಬ್ಯೂರೋ 2005ರಿಂದ ಬೆಳ್ಳಿಗೂ ಹಾಲ್‌ಮಾರ್ಕ್ ಕೊಡುತ್ತಿದ್ದು, 2025ರ ಸೆಪ್ಟೆಂಬರ್ 1ರಿಂದ ಆರು ಅಕ್ಷರಾಂಕಗಳ ಗುರುತಿನ ಸಂಕೇತವನ್ನೂ ಸೇರಿಸಿತು. ಚಿನ್ನದಂತೆ ಕಡ್ಡಾಯಗೊಳಿಸದೆ ಅದನ್ನು ವರ್ತಕರ ಇಚ್ಛೆಗೆ ಬಿಟ್ಟಿತು. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯ ಲೇಶವೂ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ. ಹರಳಿನ ವಿಷಯ ಇನ್ನೂ ಸೂಕ್ಷ್ಮ. ಗಾಜಿನ ಹರಳಾದರೆ ಭೂತಗನ್ನಡಿಯಲ್ಲಿ ಒಳಗಿನ ಗುಳ್ಳೆಗಳು ಕಂಡಾವು. ಆದರೆ 20ನೆಯ ಶತಮಾನದ ಆರಂಭದಿಂದಲೂ ಕುಲುಮೆಯಲ್ಲಿ ಬೆಳೆಸುತ್ತಿರುವ ಕೆಂಪು ಗಣಿಯ ಕೆಂಪಿನಷ್ಟೇ ಕಠಿಣ, ದ್ರವ್ಯವೂ ಅದೇ. ಅದನ್ನು ಅಜ್ಜಾರು ಸುಳ್ಳೆನ್ನುವುದಿಲ್ಲ. "ಹರಳ ಸುಳ್ಳಲ್ರಿ, ಗಣೀದ ಅಂತ ಹೇಳಿ ರೊಕ್ಕಾ ತಗೊಂಡ್ರ ಅದು ಸುಳ್ಳ," ಎಂದರು. ಬೆಲೆಬಾಳುವ ಹರಳಿಗೆ ಪ್ರಯೋಗಾಲಯದ ಪ್ರಮಾಣಪತ್ರವನ್ನು ಕೇಳುವುದೇ ಕ್ಷೇಮ.

ಪೋಷಣೆಯ ವಿಷಯವನ್ನು ನಾನು ನಷ್ಟಪಟ್ಟು ಕಲಿತವನು. ತಾಯಿಯವರ ಮುತ್ತಿನುಂಗುರ ಕಪ್ಪಾಯಿತೆಂದು, ದೇವರ ತಟ್ಟೆಯಂತೆಯೇ ಅದನ್ನೂ ಹುಣಸೆಯ ರಸದಲ್ಲಿ ಒಂದು ರಾತ್ರಿ ನೆನೆಯಿಟ್ಟೆ. ಬೆಳ್ಳಿ ಬೆಳಗಿತು, ಮುತ್ತು ಸುಣ್ಣದುಂಡೆಯಂತೆ ಮಂಕಾಯಿತು. ಮುತ್ತು, ಹವಳಗಳು ಸುಣ್ಣದ ಜಾತಿಯವಾದ್ದರಿಂದ ಹುಳಿ ಅವನ್ನು ತಿನ್ನುತ್ತದೆಂಬುದನ್ನು ನಾನು ಅರಿತದ್ದು ಆಮೇಲೆ. ಆ ಉಂಗುರವನ್ನು ಜೇಬಿನಲ್ಲಿಟ್ಟುಕೊಂಡೇ ಮೇಲವಂಕಿಗೆ ಹೋಗಿದ್ದೆ. ಅಜ್ಜಾರು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಮಾತಾಡದೆ ಹಿಂದಿರುಗಿಸಿದರು.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿಯೂ ಆಹಾರದಲ್ಲಿಯೂ ಇರುವ ಗಂಧಕದ ಅಂಶದಿಂದ. ಆದಕಾರಣ ಉಳ್ಳಾಗಡ್ಡಿ ಹೆಚ್ಚುವಾಗ, ತತ್ತಿ ಒಡೆಯುವಾಗ, ತಲೆಗೆ ಬಣ್ಣ ಹಚ್ಚುವಾಗ ಉಂಗುರವನ್ನು ತೆಗೆದಿಡಬೇಕು. ರಬ್ಬರಿನಲ್ಲಿಯೂ ಗಂಧಕವಿರುವುದರಿಂದ ರಬ್ಬರ್ ಬ್ಯಾಂಡಿನಿಂದ ಸುತ್ತಿಡಲಾಗದು. ಕೆಂಪು, ನೀಲ, ಸ್ಫಟಿಕಗಳ ಉಂಗುರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅಂಟವಾಳದ ನೊರೆಯಿಂದ, ಮೆತ್ತನೆಯ ಬ್ರಷ್ಷಿನಲ್ಲಿ ಹರಳಿನ ಹಿಂಬದಿಯನ್ನೂ ತೊಳೆದು ಹತ್ತಿಬಟ್ಟೆಯಿಂದ ಒರೆಸಬಹುದು. ಮುತ್ತು, ಹವಳಗಳಿಗೆ ಒದ್ದೆಬಟ್ಟೆಯ ಸ್ಪರ್ಶವೇ ಸಾಕು. ಹರಳಿನ ಕೆಳಗೆ ಹೊಳಪಿನ ತಗಡಿಟ್ಟು ಮುಚ್ಚಿದ ಹಳೆಯ ಉಂಗುರವನ್ನಂತೂ ನೀರಿಗಿಳಿಸಲೇ ಬಾರದು. ಹಲ್ಲುಜ್ಜುವ ಪೇಸ್ಟು ಬೆಳ್ಳಿಯನ್ನು ಗೀರುತ್ತದೆ. ಧರಿಸದಿರುವಾಗ ಗಾಳಿಯಾಡದ ಚೀಲದಲ್ಲಿ ಸೀಮೆಸುಣ್ಣದ ತುಂಡಿನೊಡನೆ ಇಟ್ಟರೆ ತೇವವನ್ನು ಅದು ಹೀರುತ್ತದೆ. ಆದರೆ ದಿನವೂ ಧರಿಸಿದ ಉಂಗುರ, ಪೆಟ್ಟಿಗೆಯಲ್ಲಿಟ್ಟದ್ದಕ್ಕಿಂತ ನಿಧಾನವಾಗಿ ಕಪ್ಪಾಗುತ್ತದೆ. ಮೈಯ ಉಜ್ಜುವಿಕೆಯೇ ಅದರ ಮೆರುಗೆಣ್ಣೆ.

ಈಗ ಗಡಿಯಾಚೆಯ ಹುಪರಿಯಿಂದ ಗೆಜ್ಜೆಗಳೂ, ದೂರದ ನಗರಗಳಿಂದ ಯಂತ್ರದಲ್ಲಿ ಎರಕಹೊಯ್ದ ಉಂಗುರಗಳೂ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಅಂಗಡಿಗಳಿಗೆ ಬರುತ್ತವೆ. ಅವು ಸುಂದರವಾಗಿವೆ, ಅಗ್ಗವಾಗಿಯೂ ಇವೆ. ಕೊಳ್ಳುವವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಕುಳಿತ ಆ ಉಂಗುರಗಳು ಯಾವ ಕೈಗಾಗಿ ಹುಟ್ಟಿದವೆಂಬುದನ್ನು ಅವನ್ನು ಮಾಡಿದವರು ಅರಿಯರು. ಅಜ್ಜಾರ ಮಕ್ಕಳಲ್ಲಿ ಯಾರೂ ಅಗ್ಗಷ್ಟಿಗೆಯ ಮುಂದೆ ಕೂಡ್ರಲಿಲ್ಲ. ವಾರದಲ್ಲಿ ಬರುವ ಕೆಲಸ ಬಹುತೇಕ ಒಡೆದ ಜೋಡವಿಗಳನ್ನು ಬೆಸೆಯುವುದು.

ನಾನೂ ಒಂದು ಉಂಗುರ ಹೇಳಿದೆ. ಅವರು ಬಿಳಿಯ ದಾರವನ್ನು ನನ್ನ ಬೆರಳಿನ ಗಿಣ್ಣಿನ ಮೇಲೆ ಸುತ್ತಿ ಗಂಟು ಹಾಕಿದರು. ಬೆರಳು ಬಿಸಿಲಿಗೆ ಉಬ್ಬಿ ತಂಪಿಗೆ ಕುಗ್ಗುವುದರಿಂದ ಸಂಜೆಯ ಅಳತೆಯೊಂದೇ ಸಾಲದು, ಮುಂಜಾನೆಯ ಅಳತೆಯೂ ಬೇಕು, ಎರಡರ ನಡುವೆ ಉಂಗುರ ಕಟ್ಟಬೇಕೆಂದು ವಿವರಿಸಿ, "ಇವತ್ತ ವಸ್ತಿ ಇರ್ರಿ, ಮುಂಜಾನೆ ಇನ್ನೊಂದ ಗಂಟ ಹಾಕೂಣು," ಎಂದರು. ಗೋಕಾಕದ ಕಡೆಯ ಬಸ್ಸು ಹೊರಡುವ ಹೊತ್ತಾಗಿತ್ತು. ಬರುವ ವಾರ ಬರುತ್ತೇನೆಂದು ಹೇಳಿ, ಆ ದಾರವನ್ನು ದಿನಚರಿಯ ಹಾಳೆಗಳ ನಡುವೆ ಇಟ್ಟುಕೊಂಡು ಬಂದೆ. ಮಳೆಗಾಲ ಕಳೆದು ಸುಗ್ಗಿ ಬಂದಿದೆ. ದಾರದಲ್ಲಿ ಇನ್ನೂ ಒಂದೇ ಗಂಟಿದೆ.