ಪದಕ ಕೇಳುವ ಮುನ್ನ ಲೆಕ್ಕ ಕೇಳೋಣ

ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟದ ಫಲಿತಾಂಶ ಪತ್ರಿಕೆಯಲ್ಲಿ ಬಂದರೆ ಬಂಗಾರಪೇಟೆಯ ನಮ್ಮಂಥ ಮುದುಕರಿಗೆ ಬೇರೆ ಸುದ್ದಿ ಬೇಡ. “ನಮ್ಮ ಕಡೆ ಹುಡುಗರ ಹೆಸರೇ ಇಲ್ಲವಲ್ಲ ಸ್ವಾಮಿ!” ಎಂದು ಒಬ್ಬರು. “ದುಡ್ಡು ಕೊಡೋದಿಲ್ಲ, ಇನ್ನೆಲ್ಲಿಂದ ಬರುತ್ತೆ?” ಎಂದು ಇನ್ನೊಬ್ಬರು. “ದುಡ್ಡಿದ್ದರೂ ಗೆಲ್ಲೋ ಛಲ ಬೇಕಲ್ಲ!” ಎಂದು ಮತ್ತೊಬ್ಬರು. ಪ್ರೀತಿ ಇದ್ದ ಕಡೆಯೇ ಸಿಟ್ಟು. ಆದರೆ ಆ ಸಿಟ್ಟು ಕೊನೆಗೆ ಬೀಳುವುದು ಸೋತು ಬಂದ ಮಕ್ಕಳ ಮೇಲೆ. ಅದು ನ್ಯಾಯವಲ್ಲ.

ನಮ್ಮ ಮಣ್ಣಿಗೆ ಓಟ ಹೊಸದೇನಲ್ಲ. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಓಡಿದವರು. ಅವರಿದ್ದ 4x100 ಮೀಟರ್ ರಿಲೇ ತಂಡ ಸೆಮಿಫೈನಲ್ ತಲುಪಿತು. 1965ರಲ್ಲಿ ಅರ್ಜುನ ಪ್ರಶಸ್ತಿ, 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇ ಕಂಚು. ಮಕ್ಕಳೇ, ಈ ಹೆಸರು ನೆನಪಿಟ್ಟುಕೊಳ್ಳಿ.

ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಜಿಎಫ್‌ನಲ್ಲಿ ಆಟಕ್ಕೆ ಕಂಪನಿಯ ಆಸರೆ ಇತ್ತು. ಕ್ಲಬ್ಬು, ಜಿಮ್ಖಾನಾ, ಮೈದಾನ ಎಲ್ಲವೂ ಇದ್ದವು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಮಾರಿಕುಪ್ಪಂನಿಂದ ಹೊರಡುವ ರೈಲೇ ಊರಿಗೆ ಆಧಾರವಾಯಿತು. ನನಗೆ ಗೊತ್ತಿದ್ದ ಒಬ್ಬ ಹುಡುಗಿ 400 ಮೀಟರ್ ಚೆನ್ನಾಗಿ ಓಡುತ್ತಿದ್ದಳು. ಓದಲು ಮುಂಜಾನೆ ರೈಲು ಹಿಡಿದು ಬೆಂಗಳೂರಿಗೆ ಹೋದರೆ ಮನೆ ಸೇರುವುದು ಕತ್ತಲಾದ ಮೇಲೆ. ಓಡಬೇಕಾದ ಹೊತ್ತೆಲ್ಲ ರೈಲಿನಲ್ಲೇ ಕಳೆಯಿತು. ಎರಡನೇ ವರ್ಷಕ್ಕೆ ಓಟವನ್ನೇ ಬಿಟ್ಟಳು. ಅವಳಿಗೆ ಛಲ ಇರಲಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಗೆಲ್ಲುವವರು ಹೇಗೆ ಗೆಲ್ಲುತ್ತಾರೆ? 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ನಡೆದಾಗ ಸಮಗ್ರ ಪ್ರಶಸ್ತಿ ಮಂಗಳೂರು ವಿಶ್ವವಿದ್ಯಾಲಯಕ್ಕೆ ಬಂತು. ಅದರ ಬೆನ್ನೆಲುಬು ಮೂಡುಬಿದಿರೆಯ ಆಳ್ವಾಸ್ ಕಾಲೇಜು. ಓಡಬಲ್ಲ ಮಕ್ಕಳನ್ನು ಹುಡುಕಿ ತಂದು ಊಟ, ವಸತಿ, ಓದು, ತರಬೇತಿ ಎಲ್ಲವನ್ನೂ ಉಚಿತವಾಗಿ ಕೊಡುವ ಪದ್ಧತಿ ಅಲ್ಲಿದೆ. ಸಿಂಥೆಟಿಕ್ ಟ್ರ್ಯಾಕ್ ಊರಲ್ಲೇ ಇದೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಮೊದಲ ಸ್ಥಾನ ಪಡೆಯಿತು. ಇದು ಮಂತ್ರಕ್ಕೆ ಉದುರಿದ ಮಾವಿನಕಾಯಿ ಅಲ್ಲ. ಮೊದಲು ಯಾರೋ ಗೆಲ್ಲಬೇಕು ಎಂದುಕೊಂಡರು, ಆಮೇಲೆ ಅದಕ್ಕೆ ಹಣ ತೆಗೆದಿಟ್ಟರು. ದುಡ್ಡು, ಛಲ ಎರಡೂ ಜೋಡೆತ್ತು. ಒಂದು ಕುಂಟಿದರೂ ಗಾಡಿ ನಿಲ್ಲುತ್ತದೆ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಮುದುಕನಾದವನು ನಾನು, ಆದ್ದರಿಂದ ಲೆಕ್ಕದ ಮಾತು ಹೇಳುತ್ತೇನೆ. ಕಾಲೇಜಿಗೆ ಸೇರುವಾಗ ಶುಲ್ಕದ ರಸೀದಿಯಲ್ಲಿ ಕ್ರೀಡಾ ಶುಲ್ಕ ಎಂಬ ಸಾಲು ಇದ್ದರೆ ಗಮನಿಸಿ. ಉದಾಹರಣೆಗೆ ತಲೆಗೆ 100 ರೂಪಾಯಿಯಂತೆ 1,000 ಮಕ್ಕಳು ಕಟ್ಟಿದರೆ 1 ಲಕ್ಷ ರೂಪಾಯಿ. ಅದರಲ್ಲಿ ಓಟದ ಶೂಗೆ ಎಷ್ಟು ಹೋಯಿತು? ಕೂಟಕ್ಕೆ ಹೋಗಿಬರುವ ಖರ್ಚಿಗೆ ಎಷ್ಟು? ತರಬೇತುದಾರರು ಇದ್ದಾರೆಯೇ? ಸರ್ಕಾರಿ ಕಾಲೇಜು, ಸರ್ಕಾರಿ ವಿಶ್ವವಿದ್ಯಾಲಯ ಯಾವುದೇ ಆಗಲಿ, 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಟೀ ಅಂಗಡಿಯಲ್ಲಿ ಕೂಗಾಡುವುದಕ್ಕಿಂತ ಇದು ಅಗ್ಗ, ಫಲವೂ ಹೆಚ್ಚು.

ತಾತ, ಅಜ್ಜಿಯರಿಗೆ ಇನ್ನೊಂದು ಕೆಲಸವಿದೆ. ಪೇಪರಿನಲ್ಲಿ ಪದಕ ಹುಡುಕುವ ನಾವು ಮೈದಾನದಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಹತ್ತಿರದ ಕಾಲೇಜಿನ ಕ್ರೀಡಾಕೂಟ ಎಂದು ಎಂಬುದನ್ನು ವಿಚಾರಿಸಿ, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಚಪ್ಪಾಳೆ ತಟ್ಟಿ. ನೋಡುವ ಜನ ಇದ್ದಾರೆ ಎಂದು ಗೊತ್ತಾದರೆ ಹಣ ಕೊಡುವವರಿಗೂ ಕೇಳುವವರಿದ್ದಾರೆ ಎಂದು ಗೊತ್ತಾಗುತ್ತದೆ.