ಸ್ಥಳೀಯ ಪಾನೀಯ ಉದ್ದಿಮೆ: ಯಂತ್ರಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ ಸಂಗತಿ. ಆ ದಿನಗಳಲ್ಲಿ ರೈಲಿನಿಂದಿಳಿದು ಸ್ಟೇಶನ್ ಬಜಾರಕ್ಕೆ ಬರುವ ಪ್ರಯಾಣಿಕರಿಗೆ ಮೊದಲು ಬೇಕಾಗುವುದು ತಂಪಾದ ಪಾನೀಯ. ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ ತಾಲ್ಲೂಕಿನಲ್ಲಿ ಜೋಳ, ಹುಣಸೆ, ಮಾವು ದೊರೆಯುತ್ತವೆ. ಭೌಗೋಳಿಕ ಸೂಚಕ ಪಡೆದ ಕೆಂಪು ಬಾಳೆಯಂತೂ ಅಲ್ಲಿಯದೇ. ಈ ಬೆಳೆಯನ್ನೂ ಆ ಬೇಡಿಕೆಯನ್ನೂ ಜೋಡಿಸಿ ಮಹಿಳಾ ಸ್ವಸಹಾಯ ಸಂಘಗಳು ಪಾನೀಯ ಉದ್ದಿಮೆ ನಡೆಸಬಾರದೇಕೆ ಎಂಬ ಮಾತು ಸಹಜವಾಗಿಯೇ ಹುಟ್ಟುತ್ತದೆ. ಜಿಲ್ಲೆಯ ಸಂಘಗಳ ಜೋಳದ ರೊಟ್ಟಿ 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರಿನಡಿ ಮಾರುಕಟ್ಟೆಗೆ ಹೋಗುತ್ತಿರುವುದು ಈ ಉತ್ಸಾಹಕ್ಕೆ ಆಧಾರವಾಗಿದೆ.

ಆದರೆ ಕಟಕಟಿ ರೊಟ್ಟಿಯಲ್ಲಿ ನೀರಿಲ್ಲ, ಪಾನೀಯದಲ್ಲಿ ಬಹುಪಾಲು ನೀರೇ. ಆದುದರಿಂದ ಬಾಟಲಿ ತುಂಬುವ ಯಂತ್ರದ ದರಪಟ್ಟಿ ತರಿಸುವ ಮುನ್ನ ಸದಸ್ಯರು ಕೇಳಬೇಕಾದ ಪ್ರಶ್ನೆ ಒಂದೇ: ಈ ಪಾನೀಯ ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ? ಉದ್ದಿಮೆಯ ಗಾತ್ರ, ಮಾರುಕಟ್ಟೆಯ ದೂರ, ಸಾಲದ ಮೊತ್ತ ಎಲ್ಲವೂ ಈ ಉತ್ತರವನ್ನು ಅವಲಂಬಿಸಿವೆ.

ಜೋಳದ ಅಂಬಲಿಯನ್ನೇ ನೋಡೋಣ. ರಾತ್ರಿ ಹಿಟ್ಟು ಕಲಸಿಟ್ಟಾಗ ಅದರಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬೆಳೆದು ಹುಳಿ ಹುಟ್ಟಿಸುತ್ತವೆ. ಈ ಹುಳಿಯೇ ಅಂಬಲಿಯ ರುಚಿ, ಅದೇ ಅದರ ರಕ್ಷಣೆ. ಆದರೆ ಹುದುಗುವಿಕೆ ನಮ್ಮ ಅನುಕೂಲಕ್ಕೆ ತಕ್ಕಂತೆ ನಿಲ್ಲುವುದಿಲ್ಲ. ಮುಚ್ಚಿದ ಬಾಟಲಿಯಲ್ಲಿ, ಬೇಸಿಗೆಯ ಬಿಸಿಯಲ್ಲಿ, ಯೀಸ್ಟ್ ಬೆಳೆದು ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯಾಗುತ್ತದೆ. ಒತ್ತಡ ಹೆಚ್ಚಿ ಮುಚ್ಚಳ ಹಾರಬಹುದು, ಗಾಜಾದರೆ ಸಿಡಿಯಬಹುದು. ಜೊತೆಗೆ ಸ್ವಲ್ಪ ಮದ್ಯಸಾರವೂ ಸೇರುತ್ತದೆ. ಅದು ಶೇ 0.5 ಮೀರಿದರೆ ಆಹಾರ ಸುರಕ್ಷತಾ ಮಾನದಂಡದಂತೆ ಪಾನೀಯ ಮದ್ಯದ ವರ್ಗಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಅಂಬಲಿ ಬಾಟಲಿಯ ಸರಕಲ್ಲ. ಬೆಳಿಗ್ಗೆ ಕುದಿಸಿ, ಆರಿಸಿ, ಮಜ್ಜಿಗೆ ಬೆರೆಸಿ, ತಂಪಾಗಿಟ್ಟು ಅದೇ ದಿನ ಲೋಟದಲ್ಲಿ ಮಾರಬೇಕಾದದ್ದು. ಉಳಿದುದನ್ನು ಮರುದಿನದ ಪಾತ್ರೆಗೆ ಸುರಿಯುವಂತಿಲ್ಲ.

ಹುಣಸೆ ಮತ್ತು ನಿಂಬೆಯ ಸ್ವಭಾವ ಬೇರೆ. ಆಮ್ಲೀಯತೆಯನ್ನು ಪಿಎಚ್ ಎಂಬ ಅಂಕಿಯಿಂದ ಅಳೆಯುತ್ತಾರೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ 4.6ಕ್ಕಿಂತ ಕೆಳಗಿರುವ ಆಹಾರದಲ್ಲಿ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯದು. ಹುಣಸೆ, ನಿಂಬೆಗಳು ಈ ಗಡಿಗಿಂತ ಬಹಳ ಕೆಳಗಿವೆ. ಅದಕ್ಕೆ ಸಕ್ಕರೆ ಸೇರಿಸಿ ಗಟ್ಟಿ ಶರಬತ್ತು ಮಾಡಿದರೆ ತಿಂಗಳುಗಟ್ಟಲೆ ಇಡಬಹುದು. ಹಣ್ಣಿನ ಶರಬತ್ತು ಎಂದು ಮಾರುವ ಉತ್ಪನ್ನದಲ್ಲಿ ಹಣ್ಣಿನ ಅಂಶ ಕನಿಷ್ಠ ಶೇ 25 ಮತ್ತು ಕರಗಿದ ಘನಾಂಶ ಕನಿಷ್ಠ ಶೇ 65 ಇರಬೇಕು. ಘನಾಂಶ ಅಳೆಯುವ ಕೈಯಳತೆಯ ರಿಫ್ರಾಕ್ಟೋಮೀಟರ್ ಮತ್ತು ಪಿಎಚ್ ಕಾಗದ, ಈ ಎರಡು ಸಾಧನಗಳು ಮೊದಲ ವರ್ಷದಲ್ಲಿ ಯಾವ ದೊಡ್ಡ ಯಂತ್ರಕ್ಕಿಂತಲೂ ಹೆಚ್ಚು ಉಪಯುಕ್ತ.

ಅತ್ಯಂತ ಹೆಸರುವಾಸಿಯಾದ ಕೆಂಪು ಬಾಳೆಯೇ ಈ ವಿಷಯದಲ್ಲಿ ಅತ್ಯಂತ ಕಠಿಣ. ಮಾಗಿದ ಬಾಳೆಯ ಪಿಎಚ್ ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿರುತ್ತದೆ. ಇಂತಹ ತಿರುಳನ್ನು ಹಾಗೆಯೇ ಬಾಟಲಿಗೆ ತುಂಬಿ ಕುದಿಸಿದರೆ ಸಾಲದು. ಬ್ಯಾಕ್ಟೀರಿಯಾದ ಬೀಜಕಗಳು 100 ಡಿಗ್ರಿಯನ್ನು ತಾಳಿಕೊಳ್ಳುತ್ತವೆ, ಅವುಗಳ ನಾಶಕ್ಕೆ ಒತ್ತಡದಲ್ಲಿ 121 ಡಿಗ್ರಿ ಬೇಕು. ನಿಂಬೆರಸದಿಂದ ಹುಳಿ ಹೆಚ್ಚಿಸುವ ವಿಧಾನವುಂಟು, ಆದರೆ ಅದನ್ನು ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಮಾರಾಟಕ್ಕಿಡುವುದು ಸಲ್ಲದು. ಆರಂಭದಲ್ಲಿ ಕೆಂಪು ಬಾಳೆಯನ್ನು ಗ್ರಾಹಕರೆದುರೇ ಹಾಲಿನೊಡನೆ ರುಬ್ಬಿ ಕೊಡುವುದೇ ಲೇಸು. ಭೌಗೋಳಿಕ ಸೂಚಕದ ಮುದ್ರೆಯನ್ನು ಲೇಬಲ್ಲಿನಲ್ಲಿ ಬಳಸಲು 1999ರ ಕಾಯ್ದೆಯಡಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕೆಂಬುದೂ ನೆನಪಿರಲಿ.

ಪಂಚಾಯಿತಿಯ ನೇರ ಹೊಣೆ ಇರುವುದು ನೀರಿನಲ್ಲಿ. ಕುದಿಸಿದ ನೀರೆಲ್ಲ ಶುದ್ಧವೆಂಬ ನಂಬಿಕೆ ಅರ್ಧಸತ್ಯ. ಕುದಿಯುವಿಕೆಯಿಂದ ರೋಗಾಣು ಸಾಯುತ್ತದೆ. ನೈಟ್ರೇಟ್ ಮತ್ತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಪ್ರಮಾಣ ಹೆಚ್ಚುತ್ತದೆ. ಭಾರತೀಯ ಮಾನಕ 10500ರಂತೆ ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ, ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವಿಲ್ಲದಾಗ ಮಾತ್ರ ಫ್ಲೋರೈಡ್ 1.5ರವರೆಗೆ ಸಹ್ಯ. ಕ್ಷೇತ್ರ ಪರೀಕ್ಷಾ ಕಿಟ್‌ನಲ್ಲಿ ಸಂಶಯ ಕಂಡರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಮಂಜುಗಡ್ಡೆಗೂ ಇದೇ ನಿಯಮ: ಮೀನು ಕೆಡದಂತಿಡಲು ತಯಾರಾದ ಗಡ್ಡೆ ಲೋಟಕ್ಕೆ ಬೀಳಬಾರದು.

ಪರವಾನಗಿಯ ವಿಷಯ ಜನ ಭಾವಿಸುವಷ್ಟು ಜಟಿಲವಲ್ಲ. 2006ರ ಆಹಾರ ಸುರಕ್ಷತೆ ಮತ್ತು ಮಾನಕಗಳ ಕಾಯ್ದೆಯಡಿ ಸಣ್ಣ ತಯಾರಕರಿಗೆ ನೋಂದಣಿ ಸಾಕು. ಶುಲ್ಕ ವರ್ಷಕ್ಕೆ 100 ರೂಪಾಯಿ. ನಗರದ ಬೀದಿಯಲ್ಲಿ ಮಾರಲು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಮಹಾನಗರ ಪಾಲಿಕೆಯ ಪ್ರಮಾಣಪತ್ರ ಬೇಕು. ರೈಲು ನಿಲ್ದಾಣದ ಒಳಗಾದರೆ ರೈಲ್ವೆಯ ಅನುಮತಿ; 'ಒಂದು ನಿಲ್ದಾಣ ಒಂದು ಉತ್ಪನ್ನ' ಯೋಜನೆ ಇಂತಹ ಸ್ಥಳೀಯ ಉತ್ಪನ್ನಗಳಿಗಾಗಿಯೇ ಇದೆ. ಅಂಬಲಿಯಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆಂದು ಫಲಕ ಬರೆಸುವುದು ಮಾತ್ರ ಕಾನೂನುಬಾಹಿರ.

ಹಣದ ಲೆಕ್ಕದಲ್ಲಿ ಎಚ್ಚರ ಅಗತ್ಯ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸಹಾಯಧನ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ. ಇದು ಬ್ಯಾಂಕ್ ಸಾಲದೊಂದಿಗೆ ಬರುವ ನೆರವು. ವ್ಯಾಪಾರ ಕುಸಿದರೂ ಕಂತು ನಿಲ್ಲದು, ಅದನ್ನು ಕಟ್ಟುವವರು ಸಂಘದ ಮಹಿಳೆಯರು. ಹೊಸಬರು ಲಾಭ ಲೆಕ್ಕ ಹಾಕುವಾಗ ಹಿಟ್ಟು, ಮಜ್ಜಿಗೆ, ಅನಿಲವನ್ನು ಬರೆಯುತ್ತಾರೆ. ಬಸ್ ಸಾಗಣೆ, ಲೋಟ, ತಮ್ಮದೇ ಕೂಲಿ ಮತ್ತು ಸಂಜೆ ಚೆಲ್ಲಿದ ಪಾನೀಯವನ್ನು ಮರೆಯುತ್ತಾರೆ. ನೂರು ಲೋಟ ತಯಾರಿಸಿ ಎಪ್ಪತ್ತು ಮಾರಿದರೆ, ಪ್ರತಿ ಲೋಟದ ನಿಜವಾದ ತಯಾರಿಕಾ ವೆಚ್ಚ ಕಾಗದದಲ್ಲಿ ಬರೆದುದಕ್ಕಿಂತ ಶೇ 40ಕ್ಕೂ ಮಿಗಿಲಾಗುತ್ತದೆ.

ಆದುದರಿಂದ ಸಂಜೀವಿನಿ ಒಕ್ಕೂಟದ ಪ್ರಸ್ತಾವ ಸಭೆಯ ಮುಂದೆ ಬಂದಾಗ, ಮನೆಯ ಪಾತ್ರೆಗಳಲ್ಲೇ ತಯಾರಿಸಿ 30 ದಿನ ಮಾರಿದ ಲೆಕ್ಕದ ಪುಸ್ತಕವನ್ನು ಅದರೊಂದಿಗೆ ಕೇಳುವುದು ಸೂಕ್ತ. ಆಹಾರ ಸುರಕ್ಷತಾ ನೋಂದಣಿ ಈ ಅವಧಿಗೂ ಬೇಕು. ಪುಸ್ತಕದಲ್ಲಿ ದಿನವಾರು ತಯಾರಾದ ಲೀಟರ್, ಮಾರಾಟವಾದ ಲೀಟರ್, ಚೆಲ್ಲಿದ ಲೀಟರ್ ಎಂಬ ಮೂರು ಕಲಂಗಳಿರಲಿ. ಮಳೆ ಬಂದ ದಿನವನ್ನು ಪಕ್ಕದಲ್ಲಿ ಗುರುತಿಸಿರಲಿ. ನೀರಿನ ಪರೀಕ್ಷಾ ವರದಿಯ ಪ್ರತಿಯನ್ನು ಅದೇ ಪುಸ್ತಕಕ್ಕೆ ಲಗತ್ತಿಸತಕ್ಕದ್ದು.