ಸುಮಾತ್ರಾದ ನಡುಕ, ಸಕಲೇಶಪುರದ ನೆಲದಾಳ

ಸಕಲೇಶಪುರ, ಆಲೂರಿನ ಕಡೆ ಹಲಸು ಬಲಿತಿದೆಯೇ ಎಂದು ತಿಳಿಯಲು ಅದನ್ನು ಯಾರೂ ಹೆಚ್ಚಿ ನೋಡುವುದಿಲ್ಲ. ತಟ್ಟಿ ಸದ್ದು ಕೇಳುತ್ತಾರೆ. ಅಲ್ಲಿನ ಬೆಟ್ಟಗಳ ಅಡಿ ಏನಿದೆ ಎಂದು ತಿಳಿಯುವ ಉಪಾಯವೂ ಹೆಚ್ಚುಕಡಿಮೆ ಇದೇ. ಅಗೆದು ನೋಡೋಣವೆಂದರೆ ನಮ್ಮ ಕೋಲಾರದ ಗಣಿ ಇಳಿದದ್ದು ಸುಮಾರು 3.2 ಕಿ.ಮೀ. ಮಾತ್ರ. ಇನ್ನೂ ಆಳಕ್ಕೆ ಹೋಗಬೇಕಾದರೆ? ಭೂಮಿಯನ್ನು ತಟ್ಟುವ ಕೆಲಸವನ್ನು ಭೂಕಂಪಗಳೇ ಮಾಡುತ್ತವೆ!

ಭೂಕಂಪವಾದಾಗ ನೆಲದಾಳದಲ್ಲಿ ಎರಡು ಬಗೆಯ ತರಂಗಗಳು ಹೊರಡುತ್ತವೆ. ‘ಪಿ’ ತರಂಗ ವೇಗಶಾಲಿ, ಮೊದಲು ತಲುಪುತ್ತದೆ. ‘ಎಸ್’ ತರಂಗ ಹಿಂದಿನಿಂದ ಬರುತ್ತದೆ. ತಣ್ಣನೆಯ ಗಟ್ಟಿ ಶಿಲೆಯಲ್ಲಿ ಇವೆರಡರ ಓಟ ಚುರುಕು; ಕಾದು ಮೆತ್ತಗಾದ ಶಿಲೆಯಲ್ಲಿ ನಿಧಾನ.

ಭೂಮಿಯ ಹೊರಭಾಗ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ನಮ್ಮ ಬೆಟ್ಟಗಳನ್ನು ಹೊತ್ತಿರುವ ಭಾರತದ ಫಲಕವೇ ಅಂಡಮಾನ್ ಮತ್ತು ಉತ್ತರ ಸುಮಾತ್ರಾದ ಬಳಿ ಪಕ್ಕದ ಫಲಕದ ಅಡಿಗೆ ನುಸುಳುತ್ತಿದೆ. ಹಾಗೆ ಇಳಿಯುವ ಫಲಕ ಸುತ್ತಲಿನ ಶಿಲೆಗಿಂತ ತಣ್ಣಗಿರುವುದರಿಂದ ಅದರ ಮೂಲಕ ಹಾದ ತರಂಗ ಕೊಂಚ ಬೇಗ ತಲುಪುತ್ತದೆ. ಹಲವು ಕೇಂದ್ರಗಳಲ್ಲಿ ದಾಖಲಾದ ಸಮಯಗಳನ್ನು ಹೋಲಿಸಿ ವಿಜ್ಞಾನಿಗಳು ಫಲಕದ ಆಕಾರವನ್ನು ಗುರುತಿಸುತ್ತಾರೆ. ಇಂಥ ಕಡೆಗಳಲ್ಲಿ ಭೂಕಂಪಗಳು ಹುಟ್ಟುವ ಜಾಗಗಳೂ ಇಳಿಜಾರಾಗಿ ಸಾಲುಗಟ್ಟಿರುತ್ತವೆ. ಜಪಾನಿನ ಕಿಯೂ ವಾದಾತಿ ಇದನ್ನು 1930ರ ದಶಕದಲ್ಲೇ ತೋರಿಸಿದ್ದರು.

ದೂರದಿಂದ ಬಂದ ಅದೇ ತರಂಗ ನಮ್ಮ ಕಾಲಡಿಯ ಸುದ್ದಿಯನ್ನೂ ಹೇಳುತ್ತದೆ. ಕೆಳಗಿನಿಂದ ಏರಿ ಬರುವ ‘ಪಿ’ ತರಂಗ ಭೂಚಿಪ್ಪಿನ ತಳವನ್ನು ದಾಟುವಾಗ ಅದರ ಒಂದು ಪಾಲು ‘ಎಸ್’ ಆಗಿ ಮಾರ್ಪಡುತ್ತದೆ. ಈ ಪಾಲು ಕೆಲವು ಸೆಕೆಂಡು ತಡವಾಗಿ ಮೇಲೆ ಬರುತ್ತದೆ. ಚಿಪ್ಪು ದಪ್ಪವಾದಷ್ಟೂ ತಡ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೀಗೆ ಅಳೆದಾಗ, ರಾಜ್ಯದ ಪೂರ್ವಭಾಗದಲ್ಲಿ ಚಿಪ್ಪು ಸುಮಾರು 35 ಕಿ.ಮೀ. ದಪ್ಪವಿದ್ದರೆ, ಹಾಸನ ಸೀಮೆಯನ್ನೊಳಗೊಂಡ ಪಶ್ಚಿಮಭಾಗದಲ್ಲಿ 40ರಿಂದ 50 ಕಿ.ಮೀ. ಇರುವುದು ತಿಳಿಯಿತು. ಹಾಸನ ಜಿಲ್ಲೆಯ ಗೊರೂರಿನ ಶಿಲೆಗಳಿಗೆ 330 ಕೋಟಿ ವರ್ಷದಷ್ಟು ವಯಸ್ಸು. ಅಷ್ಟು ಹಳೆಯ ನೆಲದ ಬುಡ ಇಷ್ಟು ಆಳದಲ್ಲಿದೆ!

ಈ ವಿದ್ಯೆ ಪ್ರಾಣವನ್ನೂ ಉಳಿಸಬಲ್ಲದು. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರಾದ ಬಳಿ ಭಾರಿ ಭೂಕಂಪವಾಯಿತು. ಸುಮಾರು 2,500 ಕಿ.ಮೀ. ದೂರದ ಮಲೆನಾಡಿನ ಅಡಿಗೆ ಅದರ ‘ಪಿ’ ತರಂಗ ಬರಲು ಹಿಡಿದದ್ದು ಐದೇ ನಿಮಿಷ. ಸುನಾಮಿ ಅಲೆ ತಮಿಳುನಾಡಿನ ಕರಾವಳಿ ಮುಟ್ಟಲು ಎರಡು ಗಂಟೆಗೂ ಹೆಚ್ಚು ಹೊತ್ತು ಬೇಕಾಯಿತು. ಕಾಲಾವಕಾಶವಿತ್ತು, ಎಚ್ಚರಿಸುವ ವ್ಯವಸ್ಥೆ ಹಿಂದೂ ಮಹಾಸಾಗರಕ್ಕೆ ಇರಲಿಲ್ಲ. ಹಲವು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನ ಸತ್ತರು.

2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಕಡಲಾಳದಲ್ಲಿ ನೆಲ ನಡುಗಿದಾಗ ಅದಕ್ಕೆ ಸಿಗುವ ಮೊದಲ ಸುಳಿವು, ಮಕ್ಕಳು ಪಾಠದಲ್ಲಿ ಓದುವ ಈ ‘ಪಿ’ ತರಂಗವೇ.